ಇಂಗ್ಲಿಷ್ ಕವಿತೆಗೆ ಸಿಂಹಪ್ರಾಸ ಕೂರಿಸಿದ ಕಥೆ

ಆದಿಪ್ರಾಸವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. ಇಂಗ್ಲಿಷಿನಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ ಎಂದವರಿಗೆ ಈಗ ನಾನು ವಾದ ಮಾಡುವುದಿಲ್ಲ, ಆ ಪ್ರಾಸದಲ್ಲೇ ಬರೆದ ನನ್ನ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯನ್ನೇ ಕೈಗಿಡುತ್ತೇನೆ. 32 ಪುಟ, 150 ಪ್ರತಿ. ಮನೆಯಲ್ಲಿ ಉಳಿದಿರುವುದು ಮೂವತ್ತೋ ಮೂವತ್ತೈದೋ.

ಹುಟ್ಟಿದ್ದು ಅರಸೀಕೆರೆಯಲ್ಲಿ. ಒಂಬತ್ತು ವರ್ಷದವಳಿದ್ದಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದೆ. ಈಗ ಓಕ್‌ಲ್ಯಾಂಡಿನಲ್ಲಿ ಹಗಲು ಗ್ರಂಥಾಲಯದ ಕೆಲಸ, ರಾತ್ರಿ ಕವಿತೆ. ಅರ್ಜಿಗಳಲ್ಲಿ ನಾನು ‘ಏಷ್ಯನ್ ಅಮೆರಿಕನ್’. ಆ ಹೆಸರು ಹುಟ್ಟಿದ್ದೂ ಪಕ್ಕದ ಬರ್ಕ್ಲಿಯಲ್ಲೇ, 1968ರ ವಿದ್ಯಾರ್ಥಿ ಚಳವಳಿಯ ಕಾಲದಲ್ಲಿ. ಆದರೆ ಈ ಹೆಸರಿನವರ ಕವಿತೆ ಎಂದರೆ ಸಂಪಾದಕರು ಹುಡುಕುವುದು ಅಜ್ಜಿಯ ಸೀರೆ, ಮಾವಿನಹಣ್ಣು. ನಾನು ಅಜ್ಜಿಯಿಂದ ತಂದದ್ದು ಪ್ರಾಸ. ಕವಿ ಗೋವಿಂದ ಪೈಗಳು 1911ರ ಸುಮಾರಿಗೆ ಕಳಚಿಟ್ಟ ಈ ಪ್ರಾಸದ ಸಂಕೋಲೆಯನ್ನು ನೂರು ವರ್ಷದ ಮೇಲೆ ಹುಡುಕಿ ಕಾಲಿಗೆ ಹಾಕಿಕೊಂಡವಳು ನಾನು.

ಮೊದಲ ವರ್ಷ ಪೂರ್ತಿ ಹಾಳು. ಇಪ್ಪತ್ತು ಸಾಲಿಗೂ ಒಂದೇ ಪ್ರಾಸ ಹಿಡಿದೆ, ಶಿಶುಗೀತೆಯಾಯಿತು. ನಾಲ್ಕಕ್ಕೆ ಇಳಿಸಿದರೆ ಕಮ್ಮಟದಲ್ಲಿ ಯಾರಿಗೂ ಕೇಳಿಸಲೇ ಇಲ್ಲ. ‘ಅಲಂಕಾರ ಬಿಡು, ನಿನ್ನ ಬದುಕು ಬರೆ’ ಎಂದರು. ಅದೇ ಹಟದಲ್ಲಿ ಮೂರು ವರ್ಷ ಸ್ಪರ್ಧೆಗಳಿಗೆ ಕಳಿಸಿದೆ. ಒಂದೊಂದಕ್ಕೂ 15ರಿಂದ 25 ಡಾಲರ್ ಶುಲ್ಕ, ಸುಮಾರು ನಲವತ್ತು ಸ್ಪರ್ಧೆ. ಏಳೆಂಟು ನೂರು ಡಾಲರ್ ಹೋಯಿತು. ಬಂದದ್ದು ಒಂದೇ ಒಂದು 50 ಡಾಲರಿನ ಚೆಕ್, ಅದೂ ಪ್ರಾಸವಿಲ್ಲದ ಕವಿತೆಗೆ!

ತಪ್ಪು ಎಲ್ಲಿತ್ತೆಂದರೆ, ನಾನು ಅಕ್ಷರ ಎಣಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಎಣಿಸಬೇಕಾದದ್ದು ದನಿಯ ಒತ್ತನ್ನು (ಸ್ಟ್ರೆಸ್). ಸಾಲಿನಲ್ಲಿ ಮೊದಲು ಒತ್ತು ಬೀಳುವ ಉಚ್ಚಾರವೇ ಮೊದಲಕ್ಷರ. ಅದಕ್ಕಿಂತ ಮುಂಚೆ ಬರುವ ‘ದ’, ‘ಎ’ಗಳನ್ನು ಲೆಕ್ಕದಿಂದ ಬಿಡಬೇಕು. ರಿವರ್, ನೆವರ್, ಕವರ್, ಸೆವೆನ್: ಮೊದಲಕ್ಷರ ಹ್ರಸ್ವ, ಎರಡನೆಯದು ‘ವ’, ಅಪ್ಪಟ ಸಿಂಹಪ್ರಾಸ. ಮೊದಲಕ್ಷರಕ್ಕೆ ಸೊನ್ನೆ ಬರುವ ವೃಷಭಪ್ರಾಸವಂತೂ ಇಂಗ್ಲಿಷಿನಲ್ಲಿ ರಾಶಿ ಬಿದ್ದಿದೆ: ಸಂಡೇ, ವಿಂಡೋ, ಅಂಡರ್, ಥಂಡರ್. ಮೂರನೆಯ ಸಾಲಿನಲ್ಲಿ ನಾನು ಮಾಡುವ ಇನ್ನೊಂದು ಕೆಲಸವಿದೆ; ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಪರೀಕ್ಷೆಗೆ ಅಜ್ಜಿಯೇ ಯಂತ್ರ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಕುಮಾರವ್ಯಾಸನ ಗಮಕ ಕೇಳಿ ಬೆಳೆದ ಕಿವಿ. ಭಾನುವಾರ ಫೋನಿನಲ್ಲಿ ಓದುತ್ತೇನೆ. ಪ್ರಾಸ ಬಿದ್ದರೆ ‘ಹ್ಞೂಂ’, ತಪ್ಪಿದರೆ ಮೌನ. ಅರ್ಥ ಗೊತ್ತಿಲ್ಲದ್ದರಿಂದ ದಾಕ್ಷಿಣ್ಯವೂ ಇಲ್ಲ.

ನಡುವೆ ಒಂದು ಹುಚ್ಚು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದ ವಲಸೆ ಠಾಣೆಯಲ್ಲಿ, 1910ರಿಂದ 1940ರ ನಡುವೆ ಕೂಡಿಹಾಕಿದ್ದ ಚೀನೀಯರು ಮರದ ಗೋಡೆಗಳಲ್ಲಿ ಕೊರೆದ ಕವಿತೆಗಳನ್ನು ನೋಡಿ ಬಂದೆ. ಗೋಡೆಯ ಮೇಲೂ ಅವರು ಛಂದಸ್ಸು ಬಿಟ್ಟಿರಲಿಲ್ಲ. ನಾನೂ ಪೈನ್ ಹಲಗೆ ತಂದು ಕನ್ನಡದಲ್ಲಿ ಒಂದು ತ್ರಿಪದಿ ಕೊರೆಯಲು ಕೂತೆ. ತಾಳೆಗರಿಗೆ ಒಗ್ಗಿದ ಗುಂಡಕ್ಷರ ಪೈನಿಗೆ ಒಗ್ಗುವುದಿಲ್ಲ. ತಿರುವು ಬಂದಲ್ಲೆಲ್ಲ ಸಿಬಿರು ಎದ್ದಿತು. ಮೂರು ವಾರಾಂತ್ಯ, ಎರಡು ಗಾಯ, ಒಂದೂವರೆ ಸಾಲು. ಹಲಗೆ ಈಗ ಗಿಡದ ಕುಂಡದ ಕೆಳಗಿದೆ.

ಪುಸ್ತಿಕೆಯನ್ನು ನಾನೇ ಮಾಡಿದೆ. ರೈಸೋಗ್ರಾಫ್ ಎಂಬ ಅಚ್ಚಿನ ಯಂತ್ರದ ಬಾಡಿಗೆ, ಕಾಗದ, ಮೇಣದ ದಾರ ಎಲ್ಲ ಸೇರಿ ಪ್ರತಿಗೆ ನಾಲ್ಕು ಡಾಲರ್ ಆಗಿರಬೇಕು. ಎಂಟು ಹಾಳೆ ಮಡಚಿ ಮೂರು ತೂತಿನ ಹೊಲಿಗೆ. ಮೊದಲ ಇಪ್ಪತ್ತು ಪ್ರತಿಗಳಲ್ಲಿ ಹಾಳೆಯ ಹಿಂಬದಿ ತಲೆಕೆಳಗಾಗಿ ಅಚ್ಚಾಗಿತ್ತು. ಅವು ಚೀಟಿ ಬರೆಯಲು ಬಂದವು. 12 ಡಾಲರಿಗೆ ಮಾರಿದೆ. ಸ್ಪರ್ಧೆಗಳಿಗೆ ಸುರಿದದ್ದರಲ್ಲಿ ಬಹುಪಾಲು ವಾಪಸಾಯಿತು. ‘ಅಲಂಕಾರ ಬಿಡು’ ಎಂದವರಲ್ಲೇ ಇಬ್ಬರು ಕೊಂಡರು. ರಿಯಾಯಿತಿ ಕೊಡಲಿಲ್ಲ.

ಈಗ ಹಯಪ್ರಾಸದ ಹಿಂದೆ ಬಿದ್ದಿದ್ದೇನೆ, ಅಂದರೆ ಎರಡನೆಯ ಅಕ್ಷರಕ್ಕೆ ಅದರದೇ ಒತ್ತಕ್ಷರ ಬರುವ ಪ್ರಾಸ. ಇಂಗ್ಲಿಷಿನಲ್ಲಿ ಸಜಾತೀಯ ಒತ್ತಕ್ಷರ ಕಣ್ಣಿಗೆ ಮಾತ್ರ: ‘ಬಟರ್’ನಲ್ಲಿ ಎರಡು ‘ಟಿ’ ಬರೆದರೂ ನುಡಿಯುವುದು ಒಂದೇ. ಆದರೆ ಎರಡು ಪದ ಕೂಡುವಲ್ಲಿ ನಿಜವಾದ ‘ಟ್ಟ’ ಸಿಗುತ್ತದೆ: ವೆಟ್ ಟವೆಲ್, ಸೆಟ್ ಟೇಬಲ್, ಲೆಟ್ ಟೈಮ್. ಮೂರಕ್ಕೂ ಅಜ್ಜಿ ‘ಹ್ಞೂಂ’ ಎಂದಿದ್ದಾರೆ. ನಾಲ್ಕನೆಯ ಸಾಲು ಎರಡು ತಿಂಗಳಿಂದ ಬಾಕಿ.