ಬ್ಯಾಲೆಯ ರಾಜಕುಮಾರನಿಗೆ ಉಡುಪು ಹೊಲಿಯುವ ಬಗೆ

ರಾಜಕುಮಾರನ ಪಾತ್ರದ ಹುಡುಗ ಕೈ ಇಳಿಬಿಟ್ಟು ನಿಂತಾಗ ತೆಗೆದ ಅಳತೆ ಬ್ಯಾಲೆ ನೃತ್ಯಕ್ಕೆ ಸಾಲದು. ಎರಡೂ ಕೈ ತಲೆಯ ಮೇಲೆತ್ತಿಸಿ, ಬಗ್ಗಿಸಿ, ಉಸಿರು ತುಂಬಿಕೊಳ್ಳಲು ಹೇಳಿ ಮತ್ತೊಮ್ಮೆ ಟೇಪು ಹಿಡಿಯಿರಿ. ಉಸಿರು ತುಂಬಿದ ಎದೆಸುತ್ತಿಗೆ 3-4 ಸೆಂ.ಮೀ. ಸಡಿಲ ಸಾಕು.

ಟ್ಯೂನಿಕ್, ಅಂದರೆ ಮೈಗೊಪ್ಪುವ ಗಿಡ್ಡ ಮೇಲಂಗಿ, ಕೆಡುವುದು ಹೆಚ್ಚಾಗಿ ಕಂಕುಳಲ್ಲಿ. ಕೈ ಸಲೀಸಾಗಿ ಆಡಲಿ ಎಂದು ಆರ್ಮ್‌ಹೋಲ್ (ತೋಳು ಕೂಡಿಸುವ ಕಂಡಿ) ಆಳವಾಗಿ ಕತ್ತರಿಸಿದರೆ ಆಗುವುದು ಉಲ್ಟಾ: ಕೈಯೆತ್ತಿದ ಕೂಡಲೇ ಇಡೀ ಟ್ಯೂನಿಕ್ ಮೇಲೆದ್ದು ಕಾಲರ್ ಕಿವಿ ಮುಟ್ಟುತ್ತದೆ. ಕಂಕುಳಿಂದ ಒಂದು ಬೆರಳಷ್ಟೇ ಕೆಳಗೆ ಕತ್ತರಿಸಿ, ಅಲ್ಲಿ ಹಿಗ್ಗುವ ಬಟ್ಟೆಯ ವಜ್ರಾಕಾರದ ತುಂಡು ಕೂಡಿಸಿ. ತುಂಡಿನ ಒಂದೊಂದು ಬದಿ 9-10 ಸೆಂ.ಮೀ., ಬಣ್ಣ ಟ್ಯೂನಿಕ್ಕಿನದೇ. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ತೋಳನ್ನು ತೆಳುವಾದ ಒಳಅಂಗಿಗೆ ಹೊಲಿದು, ಮೇಲೆ ತೋಳಿಲ್ಲದ ಟ್ಯೂನಿಕ್ ತೊಡಿಸಿ. ಭುಜದ ಪಟ್ಟಿ ಸಂದನ್ನು ಮುಚ್ಚುತ್ತದೆ. ಒಳಅಂಗಿಯ ಹಿಂದುಮುಂದಿನ ಅಂಚುಗಳನ್ನು ತೊಡೆಸಂದಿನಲ್ಲಿ ಪ್ರೆಸ್ ಬಟನ್ನಿನಿಂದ ಕೂಡಿಸಿದರೆ ಎಷ್ಟು ಹಾರಿದರೂ ಅದು ಹೊರಬರುವುದಿಲ್ಲ.

ಟ್ಯೂನಿಕ್ಕಿನ ಉದ್ದ ಸೊಂಟದ ಮೂಳೆ ದಾಟಿ ನಾಲ್ಕು ಬೆರಳು ಇದ್ದರೆ ಸಾಕು. ಅದಕ್ಕಿಂತ ಇಳಿದರೆ ಕಾಲು ಗಿಡ್ಡವಾಗಿ ಕಾಣುತ್ತದೆ, ಹುಡುಗರಲ್ಲಂತೂ ಇದು ಎದ್ದು ತೋರುತ್ತದೆ. 1911ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೆಸರಾಂತ ನರ್ತಕ ನಿಜಿನ್‌ಸ್ಕಿ 'ಜಿಸೆಲ್' ಬ್ಯಾಲೆಯಲ್ಲಿ ಗಿಡ್ಡ ಟ್ಯೂನಿಕ್ ತೊಟ್ಟು, ಟೈಟ್ಸ್ (ಕಾಲಿಗೆ ಅಂಟುವ ಬಿಗಿ ಉಡುಪು) ಮೇಲೆ ವಾಡಿಕೆಯ ಚಡ್ಡಿಯಿಲ್ಲದೆ ಕುಣಿದದ್ದಕ್ಕೆ ಕೆಲಸವನ್ನೇ ಕಳೆದುಕೊಂಡ. ಇಂದು ಅದೇ ರೂಢಿ. ಹದಿಹರೆಯಕ್ಕೆ ಬಂದವರು ಒಳಗೆ ಡ್ಯಾನ್ಸ್ ಬೆಲ್ಟ್ (ಗಂಡು ನರ್ತಕರ ಬಿಗಿ ಒಳಚಡ್ಡಿ) ತೊಡಲೇಬೇಕು.

ಟೈಟ್ಸ್ ದಪ್ಪ ನೈಲಾನ್-ಸ್ಪ್ಯಾಂಡೆಕ್ಸ್ ಇರಲಿ, ಶೂ ಬಣ್ಣಕ್ಕೆ ಹೊಂದಲಿ. ಸೊಂಟಕ್ಕೆ 2.5 ಸೆಂ.ಮೀ. ಅಗಲದ ಎಲಾಸ್ಟಿಕ್ ಬಿಗಿದು, ಟೈಟ್ಸ್‌ನ ಮೇಲಂಚನ್ನು ಎಳೆದು ಅದರ ಮೇಲೆ ಸುತ್ತಿ. ಇಲ್ಲವೇ ಭುಜದ ಮೇಲೆ ಹಾಯುವ ಎಲಾಸ್ಟಿಕ್ ಪಟ್ಟಿ ಹೊಲಿಯಿರಿ. ಜಾರಿದರೆ ಮೊಣಕಾಲಲ್ಲಿ ಸುಕ್ಕು ಬೀಳುತ್ತದೆ.

ವೆಲ್ವೆಟ್ಟಿನ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಿ, ತಪ್ಪಿದರೆ ದೀಪದಡಿ ಎರಡು ಬಣ್ಣ ಕಾಣುತ್ತದೆ. ಒಳಗೆ ಹತ್ತಿಯ ಡ್ರಿಲ್ (ಒತ್ತಾಗಿ ನೇಯ್ದ ಗಟ್ಟಿ ಬಟ್ಟೆ) ಕೊಡಿ. ಜರಿಪಟ್ಟಿಯನ್ನು ಬದಿಯ ಹೊಲಿಗೆ ಕೂಡಿಸುವ ಮುಂಚೆಯೇ ಹಚ್ಚಿ. ಎದೆಯ ಬದಿ, ಮುಂಗೈಗಳಲ್ಲಿ ಕಲ್ಲು, ಮಿಂಚು ಬೇಡವೇ ಬೇಡ: ಜೊತೆಗಾತಿಯನ್ನು ಎತ್ತುವಾಗ ಅವಳ ಟುಟುವಿನ (ಬ್ಯಾಲೆಯ ಬಲೆಬಟ್ಟೆ ಲಂಗದ) ಬಲೆಗೆ ಸಿಕ್ಕಿ ಹರಿಯುತ್ತದೆ, ಚರ್ಮವೂ ತರಚುತ್ತದೆ. ಕಾಲರ್ 2.5 ಸೆಂ.ಮೀ. ಮೀರದಿರಲಿ.

ಮುಚ್ಚಲು ಜಿಪ್ ಬೇಡ. ಕುಣಿತದ ಮಧ್ಯೆ ಅದು ಬಾಯಿಬಿಟ್ಟರೆ ಏನೂ ಮಾಡಲಾಗದು. ಹುಕ್ಕುಗಳನ್ನು 3 ಸೆಂ.ಮೀ.ಗೊಂದರಂತೆ, ಒಂದು ಬಲಕ್ಕೆ ಒಂದು ಎಡಕ್ಕೆ ಮುಖಮಾಡಿ ಹೊಲಿದರೆ ತಾವಾಗಿ ಕಳಚುವುದಿಲ್ಲ. ಹುಡುಗರು ಬೆಳೆಯುತ್ತಾರೆ, ಹಾಗಾಗಿ ಬದಿಯ ಹೊಲಿಗೆಗಳಲ್ಲಿ 3 ಸೆಂ.ಮೀ. ಬಟ್ಟೆ ಮಡಚಿಡಿ, ಎರಡು ಸಾಲು ಹುಕ್ಕಿನ ಮನೆ ಹಾಕಿದರೆ ಮುಂದಿನ ವರ್ಷಕ್ಕೂ ಬರುತ್ತದೆ.