ಕಪ್ಪೆಗೂ ಹಮ್ಮಿಂಗ್‌ಬರ್ಡಿಗೂ ಜಮಾ-ಖರ್ಚು ಬರೆಯುವುದು

ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿ, ಬಟವಾಡೆ ಲೆಕ್ಕ ಬರೆಯುವುದೇ ಕೆಲಸ. ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟ್ ಹಿಡಿದು ಬಂದಳು. ಉಷ್ಣವಲಯದ ಒಂದು ಕಪ್ಪೆಯನ್ನೂ ಒಂದು ಹಮ್ಮಿಂಗ್‌ಬರ್ಡನ್ನೂ ಹೋಲಿಸಬೇಕಂತೆ. ಅವಳು ಬರೆದಿದ್ದ ಮೊದಲ ಸಾಲು: ‘ರೆಕ್ಕೆ ಇಲ್ಲ, ರೆಕ್ಕೆ ಇದೆ.’ ಇದಕ್ಕೆ ಪ್ರಾಜೆಕ್ಟ್ ಯಾಕೆ ಬೇಕು, ಅಲ್ವಾ? ಹಾಳೆ ಹರಿದು ಹೊಸದಾಗಿ ಕೂತೆವು.

ಮೊದಲು ಒಂದೇ ಸೀಮೆಯ ಜೋಡಿ ಹುಡುಕಿ. ನಾವು ಆರಿಸಿದ್ದು ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ ಮತ್ತು ರೂಬಿ ಕೊರಳಿನ ಹಮ್ಮಿಂಗ್‌ಬರ್ಡ್. ಈ ಹಕ್ಕಿ ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಕಪ್ಪೆಯ ಸೀಮೆಗೆ ಬರುತ್ತದೆ. ನಮ್ಮ ಹಾಲುವಾಣದ ಹೂವಿಗೆ ಬರುವ ಸೂರಕ್ಕಿಯ ಫೋಟೊ ಮಾತ್ರ ಅಂಟಿಸಬೇಡಿ. ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ.

ಆಮೇಲೆ ಖರ್ಚಿನ ಲೆಕ್ಕ ಹಾಕಿ. ನನಗೆ ಗೊತ್ತಿರುವ ವಿದ್ಯೆ ಅದೊಂದೇ! ಹಕ್ಕಿಯ ತೂಕ ಸುಮಾರು 3 ಗ್ರಾಂ. ಒಂದು ರೂಪಾಯಿಯ ಹೊಸ ನಾಣ್ಯ ಅಂಗೈಲಿಟ್ಟು ನೋಡಿ, ಅಷ್ಟೇ. ರೆಕ್ಕೆ ಸೆಕೆಂಡಿಗೆ ಸುಮಾರು 50 ಸಲ ಬಡಿಯುತ್ತದೆ. ಹಗಲಿಡೀ ಮಕರಂದ, ಸಣ್ಣ ಹುಳ ತಿನ್ನುತ್ತಲೇ ಇರಬೇಕು. ಚಳಿ ರಾತ್ರಿಯಲ್ಲಿ ಮೈ ಬಿಸಿ ಇಳಿಸಿಕೊಂಡು, ಉಸಿರು ನಿಧಾನ ಮಾಡಿ, ಸತ್ತಂತೆ ಕೂತು ಉಳಿತಾಯ ಮಾಡುವುದೂ ಉಂಟು. ಕಪ್ಪೆಗೆ ಮೈ ಬಿಸಿ ಮಾಡಿಕೊಳ್ಳುವ ಖರ್ಚೇ ಇಲ್ಲ. ಹಗಲೆಲ್ಲ ಎಲೆಗೆ ಅಂಟಿ, ಕಣ್ಣು ಮುಚ್ಚಿ, ಕಾಲು ಮಡಚಿ ಮಲಗುತ್ತದೆ. ರಾತ್ರಿ ಹುಳ ಹಿಡಿಯುತ್ತದೆ. ಸಂಬಳ ಕಡಿಮೆ, ಸಾಲ ಇಲ್ಲ.

ಬಣ್ಣಕ್ಕೆ ಒಂದು ಸಾಲು ಸಾಕು. ಗಂಡು ಹಕ್ಕಿಯ ಕೆಂಪು ಕೊರಳು ಬೆಳಕಿನ ಕೋನ ತಪ್ಪಿದರೆ ಕಪ್ಪು. ಕಪ್ಪೆಯ ಕೆಂಪು ಕಣ್ಣು ಯಾವ ಕಡೆಯಿಂದ ನೋಡಿದರೂ ಕೆಂಪೇ.

ಮೊಟ್ಟೆಗೆ ಜಾಗ ಜಾಸ್ತಿ ಬಿಡಿ. ಹಕ್ಕಿ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ. ಗೂಡಿಗೆ ಜೇಡರ ಬಲೆಯ ನೂಲು ಸೇರಿಸುವುದರಿಂದ ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತದೆ. ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗೆ ಹತ್ತಾರು ಮೊಟ್ಟೆ ಅಂಟಿಸಿ ಹೋಗುತ್ತದೆ. ಸುಮಾರು ಆರೇಳು ದಿನಕ್ಕೆ ಒಡೆದು ಮರಿಗಳು ಕೆಳಗಿನ ನೀರಿಗೆ ಬೀಳುತ್ತವೆ. ನಡುವೆ ಹಾವು ಬಾಯಿ ಹಾಕಿತೋ, ಆ ಅಲುಗಾಟಕ್ಕೆ ದಿನ ತುಂಬುವ ಮೊದಲೇ ಒಡೆದುಕೊಂಡು ಹಾರುತ್ತವೆ.

“ಮಾವ, ಮಳೆ ಹನಿ ಬಿದ್ದರೂ ಎಲೆ ಅಲುಗುತ್ತಲ್ಲ? ಹಾವು ಅಂತ ಹೇಗೆ ಗೊತ್ತಾಗುತ್ತೆ?” ಎಂದಳು.

ಮೇಜಿನ ಮೇಲೆ ಬೆರಳಿಂದ ಟಪಟಪ ಎಂದು ಬೇಗ ಬೇಗ ಬಡಿದೆ, ಇದು ಮಳೆ. ಆಮೇಲೆ ಮೇಜನ್ನೇ ಹಿಡಿದು ಎಳೆದು ಬಿಟ್ಟೆ, ತಡೆದು ಮತ್ತೆ ಎಳೆದೆ, ಇದು ಹಾವು. ನಡುಕ ಎಷ್ಟು ಹೊತ್ತು ಇರುತ್ತದೆ, ನಡುವೆ ಎಷ್ಟು ಬಿಡುವು ಎನ್ನುವುದರ ಮೇಲೆ ಮರಿಗಳು ಗುರುತು ಹಿಡಿಯುತ್ತವೆ. ಅವಳು ಕಣ್ಣು ಮುಚ್ಚಿ ಮೇಜಿಗೆ ಕೆನ್ನೆ ಒತ್ತಿ, “ಇನ್ನೊಂದು ಸಲ ಮಾಡಿ ಮಾವ” ಎಂದಳು. ಆ ಸಾಲು ಹಾಳೆಯಲ್ಲಿ ಹಿಡಿಸದೆ ಹಿಂಬದಿಗೂ ಹೋಯಿತು.