ಕಾಲು ಉಳುಕಿದೆಯಾ? ಮೈದಾನಕ್ಕೆ ಮುಂಚೆ ಕಾಫಿ ಕಣ

ಏಪ್ರಿಲ್ ಬಂತೆಂದರೆ ಕೊಡಗಿನಲ್ಲಿ ಕುಂಟುವವರ ಸಂಖ್ಯೆ ಜಾಸ್ತಿಯಾಗುತ್ತದೆ. ಕಾರಣ ಎಲ್ಲರಿಗೂ ಗೊತ್ತು, ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು, ಈಗ 300 ದಾಟಿದೆ. ಹನ್ನೊಂದು ತಿಂಗಳು ಸ್ಟಿಕ್ ಮುಟ್ಟದವರೆಲ್ಲ ಒಂದು ವಾರ ಪ್ರಾಕ್ಟೀಸ್ ಮಾಡಿ ಒಕ್ಕದ (ಮನೆತನದ) ಮಾನ ಉಳಿಸಲು ಇಳಿಯುತ್ತಾರೆ. ನಾನೂ ಅದೇ ಜಾತಿಯವನು.

ಪ್ರಾಕ್ಟೀಸಿನಲ್ಲಿ ಬಾಲಿಗಾಗಿ ತಿರುಗಿದಾಗ ಪಾದ ಒಳಕ್ಕೆ ಮಡಚಿತು. ಟಕ್ ಅಂತ ಸದ್ದು. ಹತ್ತು ನಿಮಿಷದಲ್ಲಿ ಹೊರಗಂಟಿನ ಮುಂದೆ ನಿಂಬೆಹಣ್ಣಿನಷ್ಟು ಊತ. ಆಮೇಲೆ ನಾನು ಮಾಡಿದ್ದೆಲ್ಲ ತಪ್ಪು: ಆವತ್ತೇ ರಾತ್ರಿ ಬಿಸಿ ಎಣ್ಣೆ ಹಾಕಿ ತಿಕ್ಕಿಸಿಕೊಂಡೆ, ಹತ್ತು ದಿನ ಮಂಚ ಬಿಟ್ಟು ಏಳಲಿಲ್ಲ, ಮೂರನೇ ವಾರ ನೋವು ಹೋಯಿತು ಅಂತ ಸೀದಾ ಮೈದಾನಕ್ಕೆ ಹೋಗಿ ಅದೇ ಕಾಲನ್ನು ಅದೇ ಥರ ಮತ್ತೆ ಮಡಚಿಕೊಂಡೆ. ಎರಡನೇ ಸಲದ್ದು ನಾಲ್ಕು ತಿಂಗಳು ತಿಂದಿತು. ಈ ನಾಲ್ಕು ತಿಂಗಳಲ್ಲಿ ಫಿಸಿಯೋ ಹೇಳಿಕೊಟ್ಟಿದ್ದು, ನಾನು ಓದಿದ್ದು, ಕಾಲೇ ಕಲಿಸಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಎಕ್ಸ್‌ರೇ ಬೇಕಾ ನೋಡಿ. ಡಾಕ್ಟರುಗಳು ಬಳಸುವ ಒಂದು ಲೆಕ್ಕ ಇದೆ. ಬಿದ್ದ ತಕ್ಷಣವೂ ಆಸ್ಪತ್ರೆಯಲ್ಲೂ, ಎರಡೂ ಕಡೆ, ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ. ಪಾದದ ಗಂಟಿನ ಎರಡೂ ಬದಿ ಉಬ್ಬಿದ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ಮೂಳೆಯಲ್ಲೇ ನೋವಾದರೂ ಎಕ್ಸ್‌ರೇ. ಪಾದದ ನಡುಭಾಗದಲ್ಲಿ, ಕಿರುಬೆರಳಿನ ಕಡೆಯ ಅಂಚಿನ ಮೂಳೆ ನೋಯುತ್ತಿದ್ದರೂ ಅದೇ. ಪಾದ ತಣ್ಣಗಾಗಿದೆ, ಜೋಮು ಹಿಡಿದಿದೆ ಅಂದರೆ ಕಾಯಬೇಡಿ. ಕೆಲವು ದಿನ ಬಿಟ್ಟು ಮೀನಖಂಡ ಊದಿಕೊಂಡು ನೋಯತೊಡಗಿದರೆ ಅಥವಾ ಉಸಿರು ಕಟ್ಟಿದಂತಾದರೆ ಅದು ರಕ್ತ ಹೆಪ್ಪುಗಟ್ಟಿರುವ ಲಕ್ಷಣ ಇರಬಹುದು, ಆಗಲೂ ಕಾಯಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಮ್ಮಿಯಾದವರು ಈ ಲೆಕ್ಕವನ್ನೆಲ್ಲ ಬಿಟ್ಟು ನೇರ ಡಾಕ್ಟರ ಹತ್ತಿರ ಹೋಗಿ.

ಮೊದಲ ಎರಡು ಮೂರು ದಿನ ಮಾಡುವುದು ಕಮ್ಮಿ, ಮಾಡದೇ ಇರುವುದೇ ಜಾಸ್ತಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರ ಇಡಿ. ನೋವಿಗೆ ಐಸ್ ಇಡಬಹುದು, ಬಟ್ಟೆ ಸುತ್ತಿ, ಹದಿನೈದು ನಿಮಿಷ. ಆದರೆ ಐಸೇ ಔಷಧಿ ಅಂತ ಅಂದುಕೊಳ್ಳಬೇಡಿ. ರೆಸ್ಟು, ಐಸು ಅನ್ನುವ ಸೂತ್ರವನ್ನು 1978ರಲ್ಲಿ ಹೇಳಿಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಎರಡೂ ಅತಿಯಾದರೆ ವಾಸಿಯಾಗುವುದು ನಿಧಾನವಾಗಬಹುದು ಎಂದು ಆಮೇಲೆ ಮಾತು ಬದಲಿಸಿದರು. ಬಿಸಿ ಶಾಖ, ಎಣ್ಣೆ ತಿಕ್ಕುವುದು ಈ ದಿನಗಳಲ್ಲಿ ಬೇಡ, ಊತ ಹೆಚ್ಚುತ್ತದೆ. ಒಂದು ಪೆಗ್ ಹಾಕಿದರೆ ನೋವು ಹೋಗುತ್ತದೆ ಅನ್ನುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಅದೂ ಬೇಡ.

ಉಳುಕಿರುವುದು ಒಂದು ಕಾಲು. ಉಳಿದ ಮೈ ಚೆನ್ನಾಗಿಯೇ ಇದೆ ಅಲ್ವಾ? ಮಂಡಿಯೂರಿ ಪುಷ್‌ಅಪ್ ಹೊಡೆಯಿರಿ. ಅಂಗಾತ ಮಲಗಿ ಸೊಂಟ ಎತ್ತಿ ಇಳಿಸಿ. ಕುರ್ಚಿಯಲ್ಲಿ ಕೂತು ಗಾಳಿಗೆ ಗುದ್ದಿ, ಮೂವತ್ತು ಸೆಕೆಂಡ್ ಗುದ್ದುವುದು, ಮೂವತ್ತು ಸೆಕೆಂಡ್ ಬಿಡುವುದು, ಹೀಗೆ ಹತ್ತು ಸಲ ಮಾಡಿದರೆ ಬೆವರು ತಾನಾಗಿಯೇ ಇಳಿಯುತ್ತದೆ. ಒಳ್ಳೆಯ ಕಾಲಿಗೂ ಕೆಲಸ ಕೊಡಿ, ಒಂದು ಬದಿಗೆ ವ್ಯಾಯಾಮ ಕೊಟ್ಟರೆ ಸುಮ್ನೆ ಇರುವ ಇನ್ನೊಂದು ಬದಿಯ ಶಕ್ತಿಯೂ ಅಷ್ಟು ಬೇಗ ಇಳಿಯುವುದಿಲ್ಲ ಎಂದು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಜಂತಿಗೆ ಜೋತು ಬಿದ್ದು ಪುಲ್‌ಅಪ್ ಮಾಡುವವರು ಕೆಳಗೆ ಸ್ಟೂಲ್ ಇಟ್ಟುಕೊಳ್ಳಿ. ಮೇಲೆ ಹೋಗುವುದರಲ್ಲಿ ಅಪಾಯ ಇಲ್ಲ, ಕೈ ಬಿಟ್ಟು ಧೊಪ್ಪನೆ ನೆಲಕ್ಕೆ ಬರುವುದರಲ್ಲಿದೆ.

ಓಡಾಟ ಇಲ್ಲ ಅಂತ ಊಟ ಕಡಿಮೆ ಮಾಡಬೇಡಿ. ಮೊಟ್ಟೆ, ಮೀನು, ಹಂದಿ, ಕಡಲೆ, ಮೊಸರು, ಯಾವುದು ಒಗ್ಗುತ್ತದೋ ಅದು ಪ್ರತಿ ಊಟದಲ್ಲೂ ಸ್ವಲ್ಪ ಇರಲಿ. ಕಡಂಬಿಟ್ಟನ್ನು (ಅಕ್ಕಿ ತರಿಯ ಉಂಡೆ) ಎರಡು ಕಮ್ಮಿ ತಿನ್ನಿ, ಅಷ್ಟೇ.

ಈಗ ಕಣಕ್ಕೆ ಬರೋಣ. ಕೊಡಗಿನಲ್ಲಿ ಮನೆ ಸುತ್ತ ಸಮತಟ್ಟು ಜಾಗ ಅಂತ ಇರುವುದು ಕಾಫಿ ಒಣಗಿಸುವ ಕಣ ಒಂದೇ. ಕುಯಿಲು ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ. ಕಾಲೂರಲು ಆದ ದಿನದಿಂದ ಅಲ್ಲಿ ನಡೆಯಲು ಶುರು ಮಾಡಿ, ಬೇಕಿದ್ದರೆ ಕೋಲು ಹಿಡಿದು. ಹಿಮ್ಮಡಿ ಮೊದಲು, ಆಮೇಲೆ ಬೆರಳು. ಕುಂಟುತ್ತಾ ಇಪ್ಪತ್ತು ಸುತ್ತು ಹೊಡೆಯುವುದಕ್ಕಿಂತ ಸರಿಯಾಗಿ ನಾಲ್ಕು ಸುತ್ತು ಸಾಕು. ಕೂತಾಗ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ, ಗಂಟು ಎಲ್ಲ ದಿಕ್ಕಿಗೂ ತಿರುಗುತ್ತದೆ. ಋ ಬರೆಯುವಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಆಮೇಲೆ ಗೋಡೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ, ಪಾದವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ ಹೋಗಿ. ತಾಗುವ ಕೊನೆಯ ಜಾಗದಲ್ಲಿ ಹೆಬ್ಬೆರಳಿನಿಂದ ಗೋಡೆಗೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆಯಿರಿ. ನನ್ನ ಒಳ್ಳೆಯ ಕಾಲು 11 ಸೆಂಟಿಮೀಟರ್, ಉಳುಕಿದ್ದು 4. ನೋವು ಪೂರ್ತಿ ಹೋದ ಮೇಲೂ ಅದು 6ರಲ್ಲೇ ನಿಂತಿತ್ತು. ಮೊದಲ ಸಲ ನಾನು ಮೈದಾನಕ್ಕೆ ಹೋದಾಗ ಇದನ್ನು ಯಾರೂ ಅಳೆದಿರಲಿಲ್ಲ, ಅಳೆದಿದ್ದರೆ ಹೋಗುತ್ತಿರಲಿಲ್ಲ.

ಇನ್ನು ಸಮತೋಲನ. ಉಳುಕಿದಾಗ ಲಿಗಮೆಂಟ್, ಅಂದರೆ ಮೂಳೆಗೂ ಮೂಳೆಗೂ ಬಿಗಿದಿರುವ ಪಟ್ಟಿ, ಹರಿದರೆ ಹೋಗುವುದು ಬಲ ಮಾತ್ರ ಅಲ್ಲ. ಪಾದ ಯಾವ ಕಡೆ ವಾಲುತ್ತಿದೆ ಎಂದು ಗಂಟು ಮಿದುಳಿಗೆ ಕೊಡುವ ಸುದ್ದಿಯೂ ಮಂಕಾಗುತ್ತದೆ, ಒಮ್ಮೆ ಉಳುಕಿದವರಿಗೆ ಮತ್ತೆ ಮತ್ತೆ ಉಳುಕುವುದಕ್ಕೆ ಇದೂ ಒಂದು ಕಾರಣ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ಮೂವತ್ತು ಸೆಕೆಂಡ್ ಅಲುಗಾಡದೆ ನಿಂತರೆ ಕಣದಲ್ಲಿ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ನಿಲ್ಲಿ. ಅದೂ ಬಂದರೆ ಗೋಡೆಯ ಪಕ್ಕ ನಿಂತು ಕಣ್ಣು ಮುಚ್ಚಿ ನೋಡಿ, ಗೊತ್ತಾಗುತ್ತದೆ. ಜತೆಗೆ ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂದೇ ಕಾಲಲ್ಲಿ. ಎರಡು ಕಡೆಯ ಲೆಕ್ಕ ಸಮ ಬರಬೇಕು.

ಎಷ್ಟು ನೋವು ತಡೆದುಕೊಳ್ಳಬಹುದು ಅಂತ ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರರವರೆಗೆ ಪರವಾಗಿಲ್ಲ. ನಿಜವಾದ ಉತ್ತರ ಸಿಗುವುದು ಮಾರನೇ ಬೆಳಿಗ್ಗೆ. ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆ ನಿನ್ನೆಗಿಂತ ಬಿಗಿಯಾಗಿದ್ದರೆ, ಊತ ಏರಿದ್ದರೆ, ನಿನ್ನೆ ಮಾಡಿದ್ದು ಜಾಸ್ತಿಯಾಗಿದೆ. ಒಂದು ಹೆಜ್ಜೆ ಹಿಂದೆ ಹೋಗಿ, ಪೂರ್ತಿ ನಿಲ್ಲಿಸಬೇಡಿ. ನೋವಿನ ಮಾತ್ರೆ ನುಂಗಿ ವ್ಯಾಯಾಮಕ್ಕೆ ಇಳಿಯಬೇಡಿ, ಹಾಗೆ ಮಾಡಿದರೆ ಈ ಲೆಕ್ಕವೇ ಸಿಗುವುದಿಲ್ಲ.

ತೋಟದ ಇಳಿಜಾರು ಕೊನೆಗೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಒದ್ದೆ ಎಲೆ ಬೇರೆ. ಗಂಬೂಟ್ ಹಾಕಿದರೆ ಗಂಟು ಭದ್ರ ಅನಿಸುತ್ತದೆ, ಸುಳ್ಳು. ಅದು ಜಿಗಣೆ ತಡೆಯುತ್ತದೆ, ಪಾದ ಮಡಚುವುದನ್ನು ತಡೆಯುವುದಿಲ್ಲ, ಒಳಗೆ ಕಾಲು ಜಾರುತ್ತಲೇ ಇರುತ್ತದೆ. ಮೆಣಸಿನ ಏಣಿಯನ್ನಂತೂ ಈ ವರ್ಷ ಬೇರೆಯವರು ಹತ್ತಲಿ. ಜೂನ್ ಮಳೆ ಹಿಡಿದರೆ ಕಣವೂ ಪಾಚಿ ಕಟ್ಟುತ್ತದೆ, ಆಗ ಜಗಲಿಗೋ ಶೆಡ್ಡಿಗೋ ಬನ್ನಿ. ಜುಲೈ ಮಧ್ಯದಿಂದ ಶುರುವಾಗುವ ಕಕ್ಕಡದ ತಿಂಗಳೆಲ್ಲ ನಾನು ಕಾರ್ ಶೆಡ್ಡಿನಲ್ಲೇ ಕುಣಿದೆ. ಅವ್ವನಿಗೆ ನನ್ನ ತಲೆಯ ಮೇಲೆ ಅನುಮಾನ ಬಂದಿತ್ತು.

ಓಟಕ್ಕೆ ಮುಂಚೆ ಮೂರು ನೋಡಿ. ಚುರುಕಾಗಿ ಅರ್ಧ ಗಂಟೆ ಕುಂಟದೆ ನಡೆಯುತ್ತೀರಾ? ಗೋಡೆಯ ಅಳತೆ ಎರಡೂ ಕಡೆ ಹತ್ತಿರ ಹತ್ತಿರ ಇದೆಯಾ? ಉಳುಕಿದ ಕಾಲಲ್ಲೇ ಹತ್ತು ಸಲ ಕುಪ್ಪಳಿಸಲು ಧೈರ್ಯ ಬರುತ್ತದಾ? ಹೌದು ಎಂದಾದರೆ ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ಹೀಗೆ ಆರು ಸಲ, ದಿನ ಬಿಟ್ಟು ದಿನ. ಎರಡು ವಾರ ನೇರ ಓಟ, ಆಮೇಲೆ ಅಂಕುಡೊಂಕು, ಆಮೇಲೆ ಸ್ಟಿಕ್ಕು, ಕೊನೆಗೆ ಎದುರಾಳಿ. ಮೊದಲ ಸೀಸನ್ ಪೂರ್ತಿ ಗಂಟಿಗೆ ಬ್ರೇಸ್ (ಗಂಟನ್ನು ಬಿಗಿಯಾಗಿ ಹಿಡಿಯುವ ಪಟ್ಟಿ) ಅಥವಾ ಟೇಪ್ ಹಾಕಿಯೇ ಆಡಿ, ಅದರಿಂದ ಮತ್ತೆ ಉಳುಕುವುದು ಕಮ್ಮಿಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ.

ಮೊದಲ ಪಂದ್ಯದಲ್ಲಿ ಹತ್ತು ನಿಮಿಷ ಆಡಿ ಹೊರಗೆ ಬನ್ನಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಬೇಕೆಂದರೆ ಮತ್ತೆ ಹೋಗಬಹುದು. ಬೆಂಚಿನಲ್ಲಿ ಕೂತಿರುವಾಗ ಯಾರಾದರೂ ಮಾವ ಬಂದು "ಎಂಥ, ಇಷ್ಟೇನಾ?" ಅಂತ ಕೇಳಿದರೆ ಬಗ್ಗಿ ಶೂ ಲೇಸ್ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟಿಕೊಳ್ಳಿ. ಅಷ್ಟರಲ್ಲಿ ಅವರು ಗೋಲ್ ನೋಡಲು ಹೋಗಿರುತ್ತಾರೆ.